ಚೇಳು ಕಡಿದರೆ ಮೊದಲು ಕೈ ಮುಟ್ಟಿ ನೋಡಿ

ನಮ್ಮ ಯಸಳೂರು ಹೋಬಳಿಯಲ್ಲಿ ಚೇಳಿಗೆ ಹೆದರುವವರು ಕಡಿಮೆ. ಆನೆಗೆ ಹೆದರುತ್ತೇವೆ, ಹಾವಿಗೆ ಹೆದರುತ್ತೇವೆ, ಜೂನ್ ತಿಂಗಳಲ್ಲಿ ಬೀಳುವ ಮರಕ್ಕೂ ಹೆದರುತ್ತೇವೆ. ಚೇಳು ಅಂದರೆ ಮಾತ್ರ "ಒಂದು ರಾತ್ರಿ ಉರಿಯುತ್ತೆ, ಬೆಳಗ್ಗೆ ಸರಿ ಹೋಗುತ್ತೆ" ಅನ್ನುವ ಮಾತು.

ಆ ಮಾತು ಸುಳ್ಳಲ್ಲ. ನಮ್ಮ ಕಡೆ ಸೌದೆ ರಾಶಿಯ ಅಡಿಯಲ್ಲಿ, ಕೊಳೆತ ಮರದ ದಿಮ್ಮಿಯ ಕೆಳಗೆ, ತೋಟದ ಕಲ್ಲು ಎತ್ತಿದಾಗ ಸಿಗುವುದು ಹೆಚ್ಚಾಗಿ ದೊಡ್ಡ ಕರಿಚೇಳು. ನೋಡಲು ಭಯಂಕರ. ಏಡಿಯ ಕೊಂಬಿನ ಹಾಗೆ ದಪ್ಪ ಇಕ್ಕಳ, ಮೈಯೆಲ್ಲ ಮಿರಮಿರ ಕಪ್ಪು. ಆದರೆ ಇಕ್ಕಳ ದಪ್ಪ ಇರುವ ಚೇಳು ಬೇಟೆಯನ್ನು ಇಕ್ಕಳದಲ್ಲೇ ಹಿಡಿದು ಜಜ್ಜುತ್ತದೆ, ಅದಕ್ಕೆ ಜೋರು ವಿಷದ ಅವಶ್ಯಕತೆ ಕಡಿಮೆ. ಕುಟುಕಿದರೆ ನೋವು ಇರುತ್ತದೆ, ಊದಿಕೊಳ್ಳುತ್ತದೆ, ಬಹುಪಾಲು ಅಲ್ಲಿಗೇ ಮುಗಿಯುತ್ತದೆ. ನಮ್ಮ ಅಜ್ಜಿ ಹುಣಸೆ ಬೀಜವನ್ನು ಕಲ್ಲಿಗೆ ತೇದು, ಬಿಸಿ ಇರುವಾಗಲೇ ಕಡಿದ ಜಾಗಕ್ಕೆ ಅಂಟಿಸುತ್ತಿದ್ದರು. ಬೀಜ ಕಚ್ಚಿಕೊಂಡು ನಿಲ್ಲುತ್ತಿತ್ತು. ವಿಷ ಹೀರಿಕೊಂಡ ಮೇಲೆ ತಾನೇ ಉದುರುತ್ತದೆ ಅನ್ನುತ್ತಿದ್ದರು. ಅಷ್ಟು ಹೊತ್ತಿಗೆ ನೋವೂ ಇಳಿದಿರುತ್ತಿತ್ತು. ಬೀಜ ಅಂಟಿಸದಿದ್ದರೂ ಇಳಿಯುತ್ತಿತ್ತು, ಆದರೆ ಅಂಟಿಸದೆ ನೋಡಿದವರು ಯಾರು?

ಇದನ್ನು ಬರೆಯಲು ಕಾರಣ ಕರಿಚೇಳಲ್ಲ.

ನಮ್ಮ ಚಿಕ್ಕಪ್ಪನ ತೋಟದ ಲೈನ್‌ಮನೆಯಲ್ಲಿ ಯಾದಗಿರಿ ಕಡೆಯ ಒಂದು ಕುಟುಂಬ ಇದೆ. ಗಂಡ, ಹೆಂಡತಿ, ಏಳು ವರ್ಷದ ಒಬ್ಬ ಹುಡುಗ. ಮಳೆಗಾಲದ ಕೊನೆಗೆ ಊರಿಗೆ ಹೋಗಿ, ದೀಪಾವಳಿ ಮುಗಿಸಿಕೊಂಡು ಕಾಫಿ ಕುಯ್ಲಿಗೆ ವಾಪಸ್ ಬರುತ್ತಾರೆ. ಬರುವಾಗ ಜೋಳ, ಶೇಂಗಾ, ಒಣಮೆಣಸಿನಕಾಯಿ, ಹಾಸಿ ಹೊದೆಯುವ ಕೌದಿ ಎಲ್ಲ ಮೂಟೆ ಕಟ್ಟಿಕೊಂಡು ಬರುತ್ತಾರೆ. ಎರಡು ವರ್ಷದ ಹಿಂದೆ ಹಾಗೆ ಬಂದ ದಿನವೇ, ಸಂಜೆ ಏಳೂವರೆಯ ಹೊತ್ತಿಗೆ, ಕೌದಿ ಬಿಚ್ಚಿ ಹಾಸಿ ಹುಡುಗ ಅದರ ಮೇಲೆ ಕಾಲಿಟ್ಟಿದ್ದಾನೆ. ಕಿರುಚಿದ ಸದ್ದು ಚಿಕ್ಕಪ್ಪನ ಮನೆ ತನಕ ಕೇಳಿಸಿತು. ನಾನು ಆ ದಿನ ಅಲ್ಲೇ ಇದ್ದೆ.

ನಾವು ಹೋಗುವಷ್ಟರಲ್ಲಿ ಅಪ್ಪ ಅದನ್ನು ಚಪ್ಪಲಿಯಲ್ಲಿ ಹೊಡೆದು ಹಾಕಿದ್ದ. ಸಣ್ಣದು. ಬೆರಳುದ್ದ ಇದ್ದರೆ ಹೆಚ್ಚು. ಹೆಂಚಿನ ಬಣ್ಣ. ಇಕ್ಕಳ ಕಡ್ಡಿಯ ಹಾಗೆ ತೆಳ್ಳಗೆ, ಬಾಲ ಮಾತ್ರ ಮೈಗೆ ಹೊಂದದಷ್ಟು ದಪ್ಪ. ನಮ್ಮ ಚಿಕ್ಕಮ್ಮ ನೋಡಿ, "ಅಯ್ಯೋ ಇಷ್ಟೇನಾ, ಮರಿ ಚೇಳು" ಅಂದರು. ಈರುಳ್ಳಿ ಹೆಚ್ಚಿ ಉಜ್ಜಿದರು. ಹುಣಸೆ ಬೀಜವೂ ಬಂತು.

ಅರ್ಧ ಗಂಟೆಯಲ್ಲಿ ಹುಡುಗನ ಅಳು ತಗ್ಗಿತು. ಎಲ್ಲರಿಗೂ ಸಮಾಧಾನ. ಆಮೇಲೆ ವಾಂತಿ ಆಯಿತು. ಪ್ರಯಾಣದ ಸುಸ್ತು ಅಂದರು. ಇನ್ನೊಂದು ಸಲ ಆಯಿತು. ನವೆಂಬರ್ ತಿಂಗಳ ಚಳಿಯಲ್ಲಿ, ಒಲೆಯಿಂದ ದೂರ ಮಲಗಿದ್ದ ಹುಡುಗನ ಅಂಗಿ ನೀರಲ್ಲಿ ಅದ್ದಿ ತೆಗೆದ ಹಾಗೆ ಒದ್ದೆಯಾಗಿತ್ತು. ಬೆವರು. ಬಾಯಲ್ಲಿ ಜೊಲ್ಲು ಬೇರೆ.

ಚಿಕ್ಕಮ್ಮ, "ಅಳು ನಿಂತಿದೆಯಲ್ಲ, ವಿಷ ಇಳೀತು, ಮಲಗಿಸಿ" ಅಂದರು. ಹುಡುಗನ ತಾಯಿ ಮಾತಾಡಲಿಲ್ಲ. ಮಗನ ಎರಡೂ ಅಂಗೈ ಹಿಡಿದಳು, ಆಮೇಲೆ ಪಾದ ಹಿಡಿದಳು. ನನ್ನ ಕಡೆ ತಿರುಗಿ, "ಅಕ್ಕಾರ, ಕೈ ತಣ್ಣಗ ಆಗ್ಯಾವ ನೋಡ್ರಿ. ಗಾಡಿ ತಗೀರಿ ಅಂತ ಹೇಳ್ರಿ ಸಾವ್ಕಾರ್ರಿಗೆ" ಅಂದಳು. ನಾನೂ ಮುಟ್ಟಿ ನೋಡಿದೆ. ಮಂಜಿನಲ್ಲಿ ಇಟ್ಟ ಸ್ಟೀಲ್ ಲೋಟದ ಹಾಗಿತ್ತು ಆ ಕೈ. ಎದೆ ಮಾತ್ರ ಅಂಗಿಯ ಒಳಗೆ ದಬದಬ ಹೊಡೆದುಕೊಳ್ಳುತ್ತಿತ್ತು.

ಅವಳ ಅಣ್ಣನ ಮಗಳು ಊರಲ್ಲಿ ಹೀಗೆಯೇ ಬೆವತು ಬೆವತು ತೀರಿಕೊಂಡಿದ್ದಳಂತೆ. ಇದನ್ನು ಅವಳು ಜೀಪಿನಲ್ಲಿ ಹೇಳಿದಳು. ಆ ಮಗುವೂ ಮೊದಲು ಜೋರಾಗಿ ಅತ್ತು, ಆಮೇಲೆ ಸುಮ್ಮನಾಗಿತ್ತಂತೆ.

ಆ ರಾತ್ರಿಯ ದಾರಿಯ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಈ ಕಡೆಯವರಿಗೆ ಗೊತ್ತಿರುವುದೇ. ಕಾಡಾನೆ ಅದೇ ರಸ್ತೆಯಲ್ಲಿದೆ ಅಂತ ಸಂಜೆಯೇ ಗ್ರೂಪಿನಲ್ಲಿ ಮೆಸೇಜ್ ಬಂದಿತ್ತು. 108ಕ್ಕೆ ಮಾಡಿದರೆ ಸಿಗ್ನಲ್ ಎರಡು ಸಲ ಕಟ್ ಆಯಿತು. ಮೊದಲು ಹೋದ ಆಸ್ಪತ್ರೆಯ ಬಾಗಿಲು ಹಾಕಿತ್ತು. ಎರಡನೆಯ ಕಡೆ ಡಾಕ್ಟರ್ ಇದ್ದರು. ಬಾಟಲಿಯಲ್ಲಿ ತಂದಿದ್ದ ಚೇಳನ್ನು ಒಮ್ಮೆ ನೋಡಿದರು, ಹುಡುಗನ ಕೈ ಹಿಡಿದರು, ಬಿ.ಪಿ. ನೋಡಿದರು, ಮಲಗಿಸಿದಲ್ಲೇ ಒಂದು ಸಣ್ಣ ಮಾತ್ರೆಯ ಚೂರು ನುಂಗಿಸಿದರು. ಆಕ್ಸಿಜನ್ ಹಾಕಿದರು, ಇ.ಸಿ.ಜಿ. ತೆಗೆದರು. ಇಂಜೆಕ್ಷನ್ ಕೊಡದೆ ಬರೀ ಮಾತ್ರೆ ಕೊಟ್ಟರಲ್ಲ ಅಂತ ಚಿಕ್ಕಪ್ಪನಿಗೆ ಒಳಗೇ ಅಸಮಾಧಾನ. ನಮ್ಮ ಜನಕ್ಕೆ ಸೂಜಿ ಚುಚ್ಚದೆ ಇದ್ದರೆ ಅದು ಔಷಧಿಯೇ ಅಲ್ಲ.

ಮೂರು ಗಂಟೆ ಬಿಟ್ಟು ಇನ್ನೊಂದು ಚೂರು ಕೊಟ್ಟರು. ತಾಯಿ ರಾತ್ರಿಯಿಡೀ ಮಂಚದ ತುದಿಯಲ್ಲಿ ಕೂತು ಮಗನ ಪಾದ ಹಿಡಿದುಕೊಂಡೇ ಇದ್ದಳು. ಬೆಳಗಿನ ಜಾವ ನಾಲ್ಕರ ಸುಮಾರಿಗೆ, "ಕಾಲು ಬೆಚ್ಚಗ ಆಗಕತ್ತಾವ್ರಿ" ಅಂದಳು. ನರ್ಸ್ ಬಂದು ನೋಡಿದರು. ನಿಜವಾಗಿಯೂ ಬೆಚ್ಚಗಾಗಿತ್ತು. ಎರಡು ದಿನ ಬಿಟ್ಟು ಹುಡುಗ ಮನೆಗೆ ಬಂದ.

ಮೇಲೆ ಇಷ್ಟೇ ಇಷ್ಟು ಗಾಯವಿಲ್ಲದ ಒಂದು ಕುಟುಕು ಏಳು ವರ್ಷದ ಹುಡುಗನನ್ನು ಅಷ್ಟು ಹತ್ತಿರಕ್ಕೆ ಹೇಗೆ ಒಯ್ಯುತ್ತದೆ ಅನ್ನುವುದು ನನಗೆ ಅರ್ಥವಾಗಬೇಕಿತ್ತು. ಆಮೇಲಿನ ದಿನಗಳಲ್ಲಿ ಡಾಕ್ಟರನ್ನು ಕೇಳಿ, ಓದಿ, ತಿಳಿದದ್ದನ್ನು ನಮ್ಮ ತೋಟದ ಭಾಷೆಯಲ್ಲಿ ಹೇಳುತ್ತೇನೆ.

ನಮ್ಮ ಮೈಯಲ್ಲಿ ನರಗಳು ಸ್ವಿಚ್ಚಿನ ಹಾಗೆ ಕೆಲಸ ಮಾಡುತ್ತವೆ. ಆನ್ ಆಗುತ್ತವೆ, ತಕ್ಷಣ ಆಫ್ ಆಗುತ್ತವೆ. ನರದ ಗೋಡೆಯಲ್ಲಿ ಸೋಡಿಯಂ ಒಳಗೆ ಹೋಗುವ ಸಣ್ಣ ಸಣ್ಣ ಬಾಗಿಲುಗಳಿವೆ, ಅವು ತೆರೆದು ಮುಚ್ಚುವುದರಿಂದಲೇ ಇದು ನಡೆಯುವುದು. ಕೆಂಪುಚೇಳಿನ ವಿಷ ಆ ಬಾಗಿಲು ಮುಚ್ಚದಂತೆ ಹಿಡಿದುಬಿಡುತ್ತದೆ. ಸ್ವಿಚ್ಚು ಆನ್ ಆದದ್ದು ಆಫ್ ಆಗುವುದೇ ಇಲ್ಲ. ನಾವು ಹೇಳದೆ ತಾವಾಗಿ ನಡೆಯುವ ಕೆಲಸಗಳಿವೆಯಲ್ಲ, ಬೆವರು, ಜೊಲ್ಲು, ಹೊಟ್ಟೆ, ಎದೆಬಡಿತ, ರಕ್ತನಾಳ, ಅವನ್ನೆಲ್ಲ ನಡೆಸುವ ನರಗಳು ಒಟ್ಟಿಗೇ ಹುಚ್ಚೆದ್ದು ಓಡತೊಡಗುತ್ತವೆ. ಮೊದಲಿಗೆ ವಾಂತಿ, ಸುರಿಯುವ ಬೆವರು, ಜೊಲ್ಲು. ಗಂಡು ಮಕ್ಕಳಲ್ಲಿ ಜನನಾಂಗ ನಿಮಿರಿಯೇ ಇರುತ್ತದೆ. ಹೇಳಲು ನಾಚಿಕೆಪಟ್ಟು ಮನೆಯವರು ಇದನ್ನು ಮುಚ್ಚಿಡುತ್ತಾರೆ. ಮುಚ್ಚಿಡಬೇಡಿ, ವಿಷ ಮೈಗೆ ಹತ್ತಿದೆ ಅನ್ನುವುದಕ್ಕೆ ಡಾಕ್ಟರಿಗೆ ಅದು ದೊಡ್ಡ ಗುರುತು.

ಆಮೇಲೆ ಬರುವುದು ಅಪಾಯದ ಘಟ್ಟ. ಹೆದರಿದಾಗ ನಮ್ಮ ಮೈಯಲ್ಲಿ ಅಡ್ರಿನಲಿನ್ ಅನ್ನುವ ರಸ ಬರುತ್ತದೆ. ಆನೆ ಎದುರಾದಾಗ ಎದೆ ಹೊಡೆದುಕೊಳ್ಳುವುದು, ಕೈಕಾಲು ತಣ್ಣಗಾಗುವುದು ಅದರಿಂದಲೇ. ಚೇಳಿನ ವಿಷ ಈ ರಸವನ್ನು ಮತ್ತು ಅದರ ಜಾತಿಯ ಇನ್ನೊಂದನ್ನು ಎಡೆಬಿಡದೆ ರಕ್ತಕ್ಕೆ ಸುರಿಸುತ್ತದೆ. ಒಂದು ಕ್ಷಣವಲ್ಲ, ಗಂಟೆಗಟ್ಟಲೆ ಆನೆ ಎದುರಿಗೇ ನಿಂತ ಹಾಗೆ.

ಫೆಬ್ರವರಿ, ಮಾರ್ಚ್‌ನಲ್ಲಿ ನೀವು ಕಾಫಿಗೆ ಸ್ಪ್ರಿಂಕ್ಲರ್ ಹೊಡೆಸುತ್ತೀರಿ. ಇಂಜಿನ್ ಪೂರ್ತಿ ಓಡುತ್ತಿರುವಾಗ ಯಾರಾದರೂ ಮೇಲಿನ ಗೇಟ್‌ವಾಲ್ವ್‌ಗಳನ್ನು ಒಂದೊಂದಾಗಿ ಮುಚ್ಚುತ್ತಾ ಬಂದರೆ ಏನಾಗುತ್ತದೆ? ಪೈಪಿನಲ್ಲಿ ಪ್ರೆಶರ್ ಏರುತ್ತದೆ. ಇಂಜಿನ್ ಮುಕ್ಕಿರಿಯುತ್ತದೆ. ಕೊನೆಗೆ ಎಲ್ಲೋ ಜಾಯಿಂಟ್ ಕಿತ್ತು ನೀರು ನುಗ್ಗುತ್ತದೆ, ಇಲ್ಲವೇ ಇಂಜಿನ್ನೇ ಕುಸಿಯುತ್ತದೆ. ಇಲ್ಲಿ ಇಂಜಿನ್ ಎಂದರೆ ಹೃದಯ. ಕೈಕಾಲಿನ ರಕ್ತನಾಳಗಳು ಮುದುರಿಕೊಳ್ಳುವುದೇ ವಾಲ್ವ್ ಮುಚ್ಚುವುದು, ಅದಕ್ಕೇ ಕೈ ತಣ್ಣಗಾಗುವುದು. ಬಿ.ಪಿ. ಏರುತ್ತದೆ, ಹೃದಯ ಎದುರು ಒತ್ತಡಕ್ಕೆ ದುಡಿದು ದುಡಿದು ಸೋಲುತ್ತದೆ, ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಕೆಮ್ಮು, ಏದುಸಿರು, ಕೆಲವರಿಗೆ ಬಾಯಲ್ಲಿ ಗುಲಾಬಿ ಬಣ್ಣದ ನೊರೆ. ಕೊನೆಗೆ ಬಿ.ಪಿ. ಕುಸಿಯುತ್ತದೆ. ಚೇಳು ಕಡಿದು ಸತ್ತವರು ಹೆಚ್ಚಿನವರು ಸತ್ತದ್ದು ಹೀಗೆ. ಮಕ್ಕಳಿಗೆ ಇದು ದೊಡ್ಡವರಿಗಿಂತ ಕೆಟ್ಟದು. ಚೇಳು ಸುರಿಯುವ ವಿಷ ಇಬ್ಬರಿಗೂ ಅಷ್ಟೇ, ಆದರೆ ಹದಿನೆಂಟು ಕಿಲೋದ ಮೈಗೂ ಅರವತ್ತು ಕಿಲೋದ ಮೈಗೂ ವ್ಯತ್ಯಾಸವಿಲ್ಲವೇ.

ಹಾಗಾಗಿ ನೋವನ್ನು ಅಳತೆಗೋಲು ಮಾಡಿಕೊಳ್ಳಬಾರದು. ನೋವು ವಿಪರೀತ ಇದ್ದು ಬೇರೇನೂ ಇಲ್ಲದವರು ಎಷ್ಟೋ ಸಲ ಏನೂ ಆಗದೆ ಎದ್ದು ಓಡಾಡುತ್ತಾರೆ. ನೋವು ಕಡಿಮೆಯಾಗಿ, ಬೆವರು ಸುರಿದು, ವಾಂತಿಯಾಗಿ, ಕೈ ತಣ್ಣಗಾದ ಮಗು ಸಾವಿನ ಕಡೆ ಹೊರಟಿರಬಹುದು. ಈ ಲಕ್ಷಣಗಳು ಸಾಮಾನ್ಯವಾಗಿ ಮೊದಲ ಕೆಲವು ಗಂಟೆಗಳಲ್ಲೇ ಶುರುವಾಗುತ್ತವೆ. ಆ ಗಂಟೆಗಳೇ ನಾವು ಹುಣಸೆ ಬೀಜ ಉದುರಲಿ ಅಂತ ಕಾಯುವ ಗಂಟೆಗಳು.

ಆ ಮಾತ್ರೆಯ ಕಥೆ ಕೇಳಿ. ನಮ್ಮ ಘಟ್ಟದ ಸಾಲನ್ನೇ ಹಿಡಿದು ಉತ್ತರಕ್ಕೆ ಹೋದರೆ ಮಹಾರಾಷ್ಟ್ರದ ರಾಯಗಡ ಜಿಲ್ಲೆ, ಅಲ್ಲಿ ಮಹಾಡ್ ಅನ್ನುವ ಊರು. 1976ರ ಸುಮಾರಿಗೆ ಹಿಮ್ಮತ್‌ರಾವ್ ಬಾವಸ್ಕರ್ ಅನ್ನುವ ಯುವ ಡಾಕ್ಟರ್ ಅಲ್ಲಿಗೆ ಹತ್ತಿರದ ಬಿರವಾಡಿಯ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಂದರು. ಕೊಂಕಣದ ಆ ಭಾಗದಲ್ಲಿ ಕೆಂಪುಚೇಳು ಹೇರಳ. ಆಗಿನ ಪುಸ್ತಕಗಳಲ್ಲಿ ಚೇಳಿನ ಕಡಿತಕ್ಕೆ ಸರಿಯಾದ ಚಿಕಿತ್ಸೆಯೇ ಇರಲಿಲ್ಲ. ಬಾವಸ್ಕರ್ ರೋಗಿಗಳ ಪಕ್ಕದಲ್ಲೇ ಕೂತು, ಯಾವ ಗಂಟೆಗೆ ಬೆವರು, ಯಾವ ಗಂಟೆಗೆ ಕೈ ತಣ್ಣಗೆ, ನಾಡಿ ಎಷ್ಟು, ಎಲ್ಲವನ್ನೂ ಬರೆದಿಟ್ಟರು. ಹೃದಯ ಕೆಡುವ ಮೊದಲು ಮೈ ಕೊಡುವ ಮುನ್ಸೂಚನೆಗಳ ಬಗ್ಗೆ 1982ರಲ್ಲಿ ಅವರ ಬರಹ ಲಂಡನ್ನಿನ 'ಲ್ಯಾನ್ಸೆಟ್' ವೈದ್ಯಪತ್ರಿಕೆಯಲ್ಲಿ ಬಂತು. ಒಂದು ಹಳ್ಳಿ ಆಸ್ಪತ್ರೆಯ ನೋಟ್‌ಬುಕ್ಕು ಅಲ್ಲಿಯವರೆಗೆ ಹೋಯಿತು.

ವಾಲ್ವ್ ಮುಚ್ಚಿರುವುದೇ ತೊಂದರೆ ಅನ್ನುವುದಾದರೆ ವಾಲ್ವ್ ತೆರೆಯುವ ಔಷಧಿ ಬೇಕು. ಅಂಥದ್ದು ಮೊದಲೇ ಇತ್ತು, ಬಿ.ಪಿ.ಗೆ ಕೊಡುವ ಪ್ರಾಜೋಸಿನ್ ಅನ್ನುವ ಅಗ್ಗದ ಮಾತ್ರೆ. ಅದು ಮುದುರಿದ ರಕ್ತನಾಳವನ್ನು ಸಡಿಲ ಮಾಡುತ್ತದೆ, ಹೃದಯದ ಮೇಲಿನ ಭಾರ ಇಳಿಯುತ್ತದೆ. ಅದನ್ನು ಚೇಳಿನ ಕಡಿತಕ್ಕೆ ಬಳಸಿದ್ದನ್ನು 1986ರಲ್ಲಿ ಅದೇ ಪತ್ರಿಕೆಯಲ್ಲಿ ವರದಿ ಮಾಡಿದರು. ಅದಕ್ಕೆ ಮುಂಚೆ ವಿಷ ಮೈಗೇರಿ ಬಂದ ನೂರು ಜನರಲ್ಲಿ ಸುಮಾರು 30 ಜನ ಸಾಯುತ್ತಿದ್ದರು, ಮಾತ್ರೆ ಬಂದ ಮೇಲೆ ಅದು ಒಂದೆರಡಕ್ಕೆ ಇಳಿಯಿತು ಎಂದು ಅವರು ಬರೆದಿದ್ದಾರೆ. ಆಮೇಲೆ ವಿಷಕ್ಕೆ ಪ್ರತಿವಿಷವೂ ಬಂತು, ಹಾವಿಗೆ ಇರುವ ಹಾಗೆ. 2011ರಲ್ಲಿ ಬಾವಸ್ಕರ್ ಮತ್ತು ಅವರ ಪತ್ನಿ ಡಾ. ಪ್ರಮೋದಿನಿ 70 ರೋಗಿಗಳ ಮೇಲೆ ಮಾಡಿದ ಅಧ್ಯಯನ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಬರೀ ಮಾತ್ರೆ ಪಡೆದ 35 ಜನರಲ್ಲಿ 10 ಗಂಟೆಯೊಳಗೆ ಚೇತರಿಸಿಕೊಂಡವರು 8, ಮಾತ್ರೆಯ ಜೊತೆ ಪ್ರತಿವಿಷವನ್ನೂ ಪಡೆದ 35 ಜನರಲ್ಲಿ 32. 2022ರಲ್ಲಿ ಅವರಿಗೆ ಪದ್ಮಶ್ರೀ ಕೊಟ್ಟರು. ಪ್ರತಿವಿಷ ಎಲ್ಲ ಆಸ್ಪತ್ರೆಯಲ್ಲೂ ಸಿಗುವುದಿಲ್ಲ. ಮಾತ್ರೆ ಮಾತ್ರ ಎಲ್ಲಿ ಬೇಕಾದರೂ ಇಡಬಹುದು.

ಇಷ್ಟು ಓದಿ ಯಾರೂ ಮೆಡಿಕಲ್ ಶಾಪಿಗೆ ಹೋಗಿ ಆ ಮಾತ್ರೆ ತಂದು ಮನೆಯಲ್ಲಿ ಇಟ್ಟುಕೊಳ್ಳಬೇಡಿ. ಮಗುವಿನ ತೂಕ ನೋಡಿ, ಕಿಲೋಗೆ 30 ಮೈಕ್ರೋಗ್ರಾಂ ಲೆಕ್ಕ ಹಾಕಿ, ಮಲಗಿಸಿಯೇ ಕೊಡಬೇಕಾದ ಔಷಧಿ ಅದು. ನುಂಗಿಸಿ ಎಬ್ಬಿಸಿ ಕೂರಿಸಿದರೆ ಬಿ.ಪಿ. ದಿಢೀರ್ ಇಳಿದು ತಲೆಸುತ್ತಿ ಬೀಳಬಹುದು. ಆ ರಾತ್ರಿ ಹುಡುಗ ಮೂತ್ರಕ್ಕೆ ಏಳುತ್ತೇನೆ ಅಂದಾಗ ನರ್ಸ್ ಬೈದು ಮಲಗಿಸಿದ್ದು ಅದಕ್ಕೇ ಅಂತ ಆಮೇಲೆ ಗೊತ್ತಾಯಿತು.

ಮಂತ್ರ ಹಾಕುವವರ ಬಗ್ಗೆ ಒಂದು ಮಾತು ಹೇಳಲೇಬೇಕು. ಕೋಲಾರದ ಕೋಲಾರಮ್ಮನ ಗುಡಿಯಲ್ಲಿ ಚೇಳಮ್ಮ ಅನ್ನುವ ದೇವಿ ಇದ್ದಾಳೆ, ಚೇಳು ಕಡಿಯದಿರಲಿ ಅಂತ ಜನ ಹರಕೆ ಹೊತ್ತು ಹುಂಡಿಗೆ ಕಾಸು ಹಾಕುತ್ತಾರೆ. ಯಾದಗಿರಿ ಜಿಲ್ಲೆಯ ಕಂದಕೂರಿನ ಬೆಟ್ಟದಲ್ಲಿ ನಾಗರಪಂಚಮಿಯ ದಿನ ಜನ ಕಲ್ಲು ಎತ್ತಿ, ಚೇಳು ಹಿಡಿದು, ಕೈ ಮೇಲೆ, ಮುಖದ ಮೇಲೆ ಹರಿಯಲು ಬಿಡುತ್ತಾರೆ. ಟಿ.ವಿ.ಯಲ್ಲಿ ನೀವೂ ನೋಡಿರಬಹುದು. ನಮ್ಮ ಲೈನ್‌ಮನೆಯ ತಾಯಿಗೂ ಆ ದೇವಿಯ ಮೇಲೆ ಭಕ್ತಿ ಇದೆ. ಆದರೂ ಆ ರಾತ್ರಿ ಅವಳು ಕೇಳಿದ್ದು ಗಾಡಿಯನ್ನು. ನನಗೆ ಇದರಲ್ಲಿ ವಿರೋಧ ಕಾಣುವುದಿಲ್ಲ.

ಮಂತ್ರ ಹಾಕುವವರು ಮೋಸಗಾರರು ಅಂತಲೂ ನಾನು ಹೇಳುವುದಿಲ್ಲ. ನಮ್ಮ ಊರಿನ ಪಕ್ಕದಲ್ಲಿ ಒಬ್ಬರಿದ್ದರು, ಒಂದು ಪೈಸೆ ಮುಟ್ಟುತ್ತಿರಲಿಲ್ಲ, ನಡುರಾತ್ರಿ ಕರೆದರೂ ಎದ್ದು ಬರುತ್ತಿದ್ದರು. ಅವರ ಮಂತ್ರ ನೂರಕ್ಕೆ ನೂರು ಫಲ ಕೊಡುತ್ತಿತ್ತು, ಯಾಕೆಂದರೆ ಅವರ ಬಳಿ ಬರುತ್ತಿದ್ದದ್ದೆಲ್ಲ ಕರಿಚೇಳಿನ ಕಡಿತ. ಅದೇ ಮನುಷ್ಯ ಕೆಂಪುಚೇಳಿನ ಸೀಮೆಯಲ್ಲಿ ಹುಟ್ಟಿದ್ದರೆ ಅಷ್ಟು ಹೆಸರು ಬರುತ್ತಿರಲಿಲ್ಲ. ಮಂತ್ರ ಹಾಕಿಸಲೇಬೇಕು ಅಂದರೆ ಜೀಪಿನಲ್ಲಿ ಕೂರಿಸಿಕೊಂಡು ಹೋಗುತ್ತಾ ಹಾಕಿಸಿ. ತಮಾಷೆಗೆ ಹೇಳುತ್ತಿಲ್ಲ.

ಕೆಂಪುಚೇಳು ಒಣ ಸೀಮೆಯದು, ನಮ್ಮ ಮಳೆಕಾಡಿಗೆ ಅದೇಕೆ ಬರುತ್ತದೆ ಅಂತ ಕೇಳಬಹುದು. ಅದು ನಡೆದುಕೊಂಡು ಬರಬೇಕಾಗಿಲ್ಲ. ಕುಯ್ಲಿಗೆ ಎಲ್ಲೆಲ್ಲಿಂದಲೋ ಜನ ಮೂಟೆಯ ಜೊತೆ ಬರುತ್ತಾರೆ. ಲಾರಿಯಲ್ಲಿ ಇಟ್ಟಿಗೆ ಬರುತ್ತದೆ, ಒಣಹುಲ್ಲು ಬರುತ್ತದೆ. ಆಲೂರು ದಾಟಿ ಹಾಸನದ ಕಡೆ ಇಳಿದರೆ ಮಳೆ ಕಡಿಮೆಯಾಗುತ್ತದೆ, ನಮ್ಮ ಮಕ್ಕಳು ಹಾಸ್ಟೆಲ್ಲು, ನೆಂಟರ ಮನೆ ಅಂತ ಒಣ ಸೀಮೆಗೆ ಹೋಗುತ್ತಾರೆ. ಬಣ್ಣ ನೋಡಿ ತೀರ್ಮಾನಿಸುವುದೂ ಕಷ್ಟ, ಕೆಂಪುಚೇಳು ಎಲ್ಲ ಕಡೆ ಕೆಂಪಗೇ ಇರುವುದಿಲ್ಲ, ಕಂದು ಬಣ್ಣದ್ದೂ ಇರುತ್ತದೆ. ಇಕ್ಕಳ ತೆಳು, ಬಾಲ ದಪ್ಪ ಇದ್ದರೆ ಎಚ್ಚರ ಹೆಚ್ಚು ಬೇಕು ಅನ್ನುವುದು ಒಂದು ಅಂದಾಜು. ಕತ್ತಲಲ್ಲಿ ಚೇಳು ಸಿಗದೇ ಹೋದರೆ ಹುಡುಕುತ್ತಾ ನಿಲ್ಲಬೇಡಿ, ಹುಡುಕುವವರಿಗೂ ಕುಟುಕುತ್ತದೆ. ಚಿಕಿತ್ಸೆ ನಡೆಯುವುದು ಲಕ್ಷಣ ನೋಡಿ.

ಕಡಿದ ಜಾಗದ ಮೇಲೆ ಹಗ್ಗ ಬಿಗಿಯುವುದು, ಬ್ಲೇಡಿನಲ್ಲಿ ಕೊಯ್ಯುವುದು, ಬಾಯಿ ಹಾಕಿ ಹೀರುವುದು, ಸುಡುವುದು, ಇವು ಯಾವುದೂ ವಿಷವನ್ನು ತಡೆಯುವುದಿಲ್ಲ, ಗಾಯ ಮಾತ್ರ ದೊಡ್ಡದಾಗುತ್ತದೆ. ನೋವಿಗೆ ಬಟ್ಟೆಯಲ್ಲಿ ಸುತ್ತಿದ ಐಸ್ ಒಳ್ಳೆಯದು. ಕಡಿದ ಸಮಯ ನೋಡಿಕೊಳ್ಳಿ, ಡಾಕ್ಟರ್ ಮೊದಲು ಕೇಳುವುದು ಅದನ್ನೇ. ಚಿಕ್ಕ ಮಕ್ಕಳಾದರೆ ಲಕ್ಷಣ ಬರಲಿ ಅಂತ ಕಾಯಬೇಡಿ, ಕಡಿದದ್ದು ಗೊತ್ತಾದ ಕೂಡಲೇ ಹೊರಡಿ. ದೊಡ್ಡವರಾದರೆ ಕೈ ಕಾಲು ಮುಟ್ಟಿ ನೋಡುತ್ತಾ ಇರಿ, ಬೆವರು, ವಾಂತಿ, ತಣ್ಣನೆ ಕೈ, ಇದರಲ್ಲಿ ಒಂದು ಕಂಡರೂ ಸಾಕು, ಗಾಡಿ ತೆಗೆಯಿರಿ.

ಇನ್ನೊಂದು ವಿಷಯ ಕೇಳಿದರೆ ನಿಮ್ಮ ಮನೆಯ ಹುಡುಗರಿಗೆ ಖುಷಿಯಾಗುತ್ತದೆ. ನೋಟು ಅಸಲಿಯೋ ನಕಲಿಯೋ ನೋಡಲು ಅಂಗಡಿಯವರು ಇಟ್ಟುಕೊಳ್ಳುವ ನೇರಳೆ ಬೆಳಕಿನ ಸಣ್ಣ ಟಾರ್ಚ್ ಇದೆಯಲ್ಲ, ಅದನ್ನು ಕತ್ತಲಲ್ಲಿ ಬಿಟ್ಟರೆ ಚೇಳಿನ ಮೈ ಹಸಿರು ಮಿಶ್ರಿತ ನೀಲಿಯಾಗಿ ಹೊಳೆಯುತ್ತದೆ. ಕರಿಚೇಳೂ ಹೊಳೆಯುತ್ತದೆ, ಕೆಂಪುಚೇಳೂ ಹೊಳೆಯುತ್ತದೆ. ಚಿಕ್ಕಪ್ಪ ಒಂದು ತಂದು ಲೈನ್‌ಮನೆಗೆ ಕೊಟ್ಟಿದ್ದಾರೆ. ಈಗ ಊರಿಂದ ಬಂದ ಮೂಟೆಯನ್ನು ಮನೆಯೊಳಗೆ ಬಿಚ್ಚುವುದಿಲ್ಲ. ಅಂಗಳದಲ್ಲಿ ಬಿಚ್ಚಿ, ಕೌದಿಗಳನ್ನು ಒಂದೊಂದಾಗಿ ಕೊಡವಿ, ಬಿಸಿಲಿಗೆ ಹಾಕಿ, ಸಂಜೆ ಹುಡುಗನೇ ಟಾರ್ಚ್ ಹಿಡಿದು ಒಂದು ಸುತ್ತು ಪರೀಕ್ಷೆ ಮಾಡುತ್ತಾನೆ. ಅವನಿಗೆ ಈಗ ಒಂಬತ್ತು ವರ್ಷ, ಇಲ್ಲಿಯ ಶಾಲೆಗೇ ಹೋಗುತ್ತಾನೆ. ನಮ್ಮ ಮಾತು, ಅವರ ಊರಿನ ಮಾತು ಎರಡೂ ಕಲಸಿ ಮಾತಾಡುತ್ತಾನೆ.

ಕಳೆದ ತಿಂಗಳು ಒಂದು ಆರೋಗ್ಯ ಕೇಂದ್ರಕ್ಕೆ ಬೇರೆ ಕೆಲಸಕ್ಕೆ ಹೋದಾಗ, ಪ್ರಾಜೋಸಿನ್ ಮಾತ್ರೆ ಇದೆಯಾ ಸಿಸ್ಟರ್ ಅಂತ ಕೇಳಿದೆ. ಅವರು ಬೀರು ತೆಗೆದು, ಎರಡು ಡಬ್ಬಿ ಸರಿಸಿ, ಒಂದು ಪಟ್ಟಿ ಹೊರಗೆ ತೆಗೆದರು. ತಾರೀಖು ಮುಗಿಯಲು ಇನ್ನು ಎರಡು ತಿಂಗಳಿತ್ತು. "ಯಾರೂ ಕೇಳಲ್ಲ ಕಣಮ್ಮ ಇದನ್ನ, ಹಾಗಾಗಿ ಹೊಸದು ಬರೆಯೋದೂ ಮರೆತು ಹೋಗುತ್ತೆ" ಅಂದರು. ನನ್ನ ಎದುರಿಗೇ ಇಂಡೆಂಟ್ ಪುಸ್ತಕದಲ್ಲಿ ಬರೆದುಕೊಂಡರು. ನಿಮ್ಮ ಹತ್ತಿರದ ಕೇಂದ್ರದಲ್ಲೂ ಒಂದು ಸಲ ಕೇಳಿ. ಹೆಸರು ನೆನಪಿರದಿದ್ದರೆ ಈ ಪುಟವನ್ನೇ ಫೋನಿನಲ್ಲಿ ತೋರಿಸಿ.